ಬದಲಿ ಎಂಜಿನ್‌ಗೆ ನ್ಯಾಯಬದ್ಧ ಮಾರ್ಗ ಬೇಕು

ದಿನಸಿ ಮೂಟೆ, ಎರಕದ ಬಿಡಿಭಾಗ, ಬಟ್ಟೆಯ ಗಂಟುಗಳನ್ನು ಸಾಗಿಸಲು ಒಂದೇ ಒಂದು ಸರಕು ವಾಹನವನ್ನು ಇಟ್ಟುಕೊಂಡಿರುವ ಸಣ್ಣ ವರ್ತಕನ ಪಾಲಿಗೆ ಆ ವಾಹನದ ಎಂಜಿನ್ ಸೀಜ್ ಆಯಿತೆಂದರೆ ವ್ಯಾಪಾರವೇ ನಿಂತಂತೆ. ಗ್ಯಾರೇಜಿನ ಮೇಸ್ತ್ರಿ ಅವನ ಮುಂದೆ ಎರಡು ದಾರಿಗಳನ್ನು ಇಡುತ್ತಾನೆ. ಬ್ಲಾಕನ್ನು ಬೋರ್ ಮಾಡಿಸಿ, ಪಿಸ್ಟನ್, ಲೈನರ್, ಬೇರಿಂಗುಗಳನ್ನು ಹೊಸದಾಗಿ ಹಾಕಿಸುವುದು ಒಂದು. ಗುಜರಿಯಿಂದ ತಂದ ಸುಸ್ಥಿತಿಯ ಬೇರೊಂದು ಎಂಜಿನ್ನನ್ನು ಕೂರಿಸಿಬಿಡುವುದು ಇನ್ನೊಂದು. ಎರಡನೆಯದು ಬೇಗ ಮುಗಿಯುತ್ತದೆ, ಬಹಳ ಸಲ ಅಗ್ಗವೂ ಹೌದು. ವರ್ತಕ ಒಪ್ಪುತ್ತಾನೆ, ಗಾಡಿ ರಸ್ತೆಗಿಳಿಯುತ್ತದೆ. ಕಾನೂನಿನ ಪ್ರಶ್ನೆ ಎದುರಾಗುವುದು ತಿಂಗಳುಗಳ ಅನಂತರ, ಅರ್ಹತಾ ಪತ್ರದ ನವೀಕರಣಕ್ಕೆಂದು ವಾಹನವನ್ನು ಒಯ್ದಾಗ, ಎಂಜಿನ್ ಮೇಲೆ ಕೆತ್ತಿದ ಸಂಖ್ಯೆಗೂ ನೋಂದಣಿ ಪತ್ರದಲ್ಲಿರುವ ಸಂಖ್ಯೆಗೂ ತಾಳೆಯಾಗದಿದ್ದಾಗ.

ಈ ಸ್ಥಿತಿಗೆ ವರ್ತಕನ ಅಲಕ್ಷ್ಯವೊಂದೇ ಕಾರಣವೆಂದು ತೀರ್ಮಾನಿಸುವುದು ಸರಿಯಲ್ಲ. ಎಂಜಿನ್ ಬದಲಾವಣೆಯ ಕುರಿತು ನಮ್ಮ ಕಾನೂನು ಕಳೆದ ಮೂರೂವರೆ ದಶಕಗಳಲ್ಲಿ ನಡೆದು ಬಂದ ಹಾದಿಯೇ ಅಷ್ಟು ತೊಡಕಿನದು.

1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ಮೊದಲಿಗೆ ಉದಾರವಾಗಿಯೇ ಇತ್ತು. ನೋಂದಣಿ ಪ್ರಾಧಿಕಾರಕ್ಕೆ ತಿಳಿವಳಿಕೆ ಕೊಟ್ಟು, ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಲು ಅದರಲ್ಲಿ ಅವಕಾಶವಿತ್ತು. 2000ದ ತಿದ್ದುಪಡಿ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು ಎಂಬುದೇ ಮುಖ್ಯ ನಿಯಮವಾಯಿತು. ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿ ಮುಂತಾದ ಬೇರೆ ಇಂಧನಕ್ಕೆ ಪರಿವರ್ತಿಸುವ ಕಿಟ್‌ಗಳಿಗೆ ಮಾತ್ರ ಷರತ್ತುಬದ್ಧ ವಿನಾಯಿತಿ ದೊರೆಯಿತು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳನ್ನುಳ್ಳವರು ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನು ಪೂರ್ವಾನುಮತಿಯಿಲ್ಲದೆ ಬದಲಿಸಿ, ಹದಿನಾಲ್ಕು ದಿನಗಳೊಳಗೆ ವರದಿ ಮಾಡಿಕೊಳ್ಳಲು ರಾಜ್ಯ ಸರ್ಕಾರ ಅನುಮತಿ ನೀಡಬಹುದೆಂಬ ಉಪಪ್ರಕರಣವೂ ಇತ್ತು. ದೊಡ್ಡ ಸಾಗಣೆದಾರನಿಗೆ ಸಿಕ್ಕ ಈ ಅನುಕೂಲ ಒಂದು ಗಾಡಿಯ ಮಾಲೀಕನಿಗೆ ಏಕೆ ಬೇಡವಾಯಿತು ಎಂಬುದಕ್ಕೆ ಅಧಿನಿಯಮದಲ್ಲಿ ಉತ್ತರವಿರಲಿಲ್ಲ. 2019ರ ತಿದ್ದುಪಡಿ ಅಧಿನಿಯಮವು ಆ ಉಪಪ್ರಕರಣವನ್ನೇ ಕಿತ್ತು, ಅದರ ಜಾಗದಲ್ಲಿ ಅಂಗವಿಕಲರಿಗಾಗಿ ಹೊಂದಿಸಿದ ವಾಹನಗಳ ವಿಷಯವನ್ನು ಸೇರಿಸಿತು. ಸೇರಿಸಿದ್ದು ಸ್ತುತ್ಯವೇ, ಆದರೆ ಕಿತ್ತದ್ದಕ್ಕೆ ಬದಲಿ ಏನೂ ಬರಲಿಲ್ಲ.

ಅದೇ ವರ್ಷದ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಪ್ರಾದೇಶಿಕ ಸಾರಿಗೆ ಅಧಿಕಾರಿ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ ನೀಡಿದ ತೀರ್ಪು ಈ ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸಿತು. ಕೇರಳ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ರಾಜ್ಯದ ನಿಯಮಗಳನ್ನು ಆಧರಿಸಿ ಕೊಟ್ಟಿದ್ದ ಸಡಿಲಿಕೆಯನ್ನು ತಳ್ಳಿಹಾಕಿ, ರಾಜ್ಯದ ನಿಯಮಗಳು ಕೇಂದ್ರ ಅಧಿನಿಯಮಕ್ಕೆ ಅಧೀನವೆಂದೂ, ತಯಾರಕರ ಮೂಲ ವಿವರಗಳನ್ನು ಬದಲಿಸುವಂತಿಲ್ಲವೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಇದರ ಜೊತೆಗೆ 2019ರ ತಿದ್ದುಪಡಿ ತಂದ 182ಎ ಪ್ರಕರಣವು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಮಾರ್ಪಡಿಸಿದ ವಾಹನವನ್ನು ಮಾರುವ ತಯಾರಕ ಅಥವಾ ವ್ಯಾಪಾರಿಗೆ ಪ್ರತಿ ವಾಹನಕ್ಕೆ ಒಂದು ಲಕ್ಷ ರೂಪಾಯಿಯವರೆಗೂ ತಟ್ಟಬಹುದು. ಹಳೆಯ ವಾಹನಗಳ ವ್ಯಾಪಾರದಲ್ಲಿರುವವರು ಈ ಎರಡನೆಯ ಮಾತನ್ನು ಗಮನಿಸಬೇಕು.

ಹಾಗಾದರೆ ಕೆಟ್ಟ ಎಂಜಿನ್ನನ್ನು ಬದಲಿಸುವುದೇ ಅಪರಾಧವೇ? ಅಲ್ಲ. ಇಲ್ಲಿ ಎರಡು ಬಗೆಯ ಬದಲಾವಣೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಅದೇ ತಯಾರಿಕೆಯ, ಅದೇ ಮಾದರಿಯ, ಅದೇ ಇಂಧನದ, ಅದೇ ಹೊಗೆ ಮಾನದಂಡದ ಎಂಜಿನ್ ಹಾಕಿದಾಗ ವಾಹನದ ಮೂಲ ಲಕ್ಷಣ ಬದಲಾಗುವುದಿಲ್ಲ. ಬದಲಾಗುವುದು ಸಂಖ್ಯೆ ಮಾತ್ರ. ಅಧಿನಿಯಮದ ವಿವರಣೆಯಲ್ಲೂ ಮಾರ್ಪಾಡೆಂದರೆ ಮೂಲ ಲಕ್ಷಣವನ್ನು ಬದಲಿಸುವ ರಚನಾ ವ್ಯತ್ಯಾಸವೆಂದೇ ಇದೆ. ಆದ್ದರಿಂದ ಖರೀದಿ ಬಿಲ್ಲು, ಅರ್ಜಿ ಮತ್ತು ನಿಗದಿತ ಶುಲ್ಕದೊಡನೆ ನೋಂದಣಿ ಪತ್ರದಲ್ಲಿ ಹೊಸ ಸಂಖ್ಯೆಯನ್ನು ನಮೂದಿಸಿಕೊಳ್ಳುವುದು ನ್ಯಾಯವಾದ ಮಾರ್ಗ. ಆದರೆ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು, ಚಿಕ್ಕದರ ಬದಲಿಗೆ ದೊಡ್ಡದನ್ನು, ಒಂದು ಕಂಪನಿಯದರ ಬದಲಿಗೆ ಇನ್ನೊಂದರದನ್ನು ಹಾಕುವುದು ಈಗಿನ ಕಾನೂನಿನಡಿ ನಿಲ್ಲದು. ಅಂಬಾಸಡರ್ ಕಾರಿಗೆ ಮೆಟಡೋರ್ ಎಂಜಿನ್, ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ದಶಕಗಳ ಕಾಲ ಓಡಿಸಿದ ಗ್ಯಾರೇಜುಗಳ ಪೀಳಿಗೆಗೆ ಇದು ಕಹಿಯೆನಿಸಬಹುದು. ಆ ಕಾಲದಲ್ಲಿ ಅಳೆಯಬೇಕಾದ ಹೊಗೆಯ ಮಾನದಂಡವೇ ಇರಲಿಲ್ಲ ಅಥವಾ ಹೆಸರಿಗಷ್ಟೇ ಇತ್ತು ಎಂಬುದನ್ನೂ ಮರೆಯಬಾರದು.

ಇಲ್ಲಿಯೇ ಬಹುಮಂದಿ ಎಡವುವುದು. ವಾಹನ ಹೊಗೆ ತಪಾಸಣೆಯಲ್ಲಿ ಪಾಸಾಯಿತು, ಪ್ರಮಾಣಪತ್ರ ಕೈಯಲ್ಲಿದೆ, ಇನ್ನೇನು ಆತಂಕ ಎಂಬುದು ಸಾಮಾನ್ಯವಾಗಿ ಕೇಳಿಬರುವ ವಾದ. ಪೆಟ್ರೋಲ್ ಬಂಕಿನ ಪಕ್ಕದ ತಪಾಸಣಾ ಕೇಂದ್ರದಲ್ಲಿ ಪೆಟ್ರೋಲ್ ವಾಹನವನ್ನು ನಿಂತಲ್ಲೇ ಐಡ್ಲಿಂಗ್‌ನಲ್ಲಿ ಓಡಿಸಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್‌ಗಳನ್ನಷ್ಟೇ ಅಳೆಯುತ್ತಾರೆ. ಬಿಎಸ್-4 ಕಾರಿಗೆ ಮಿತಿ ಕ್ರಮವಾಗಿ ಶೇ. 0.3 ಮತ್ತು 200 ಪಿಪಿಎಂ. ಡೀಸೆಲ್ ವಾಹನಕ್ಕೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆಯ ದಟ್ಟಣೆಯನ್ನು ನೋಡುತ್ತಾರೆ. ಡೀಸೆಲ್‌ನ ಮುಖ್ಯ ದೋಷವಾದ ನೈಟ್ರೊಜನ್ ಆಕ್ಸೈಡುಗಳನ್ನು ಅಲ್ಲಿ ಅಳೆಯುವುದೇ ಇಲ್ಲ. ಈ ತಪಾಸಣೆಯು ವಾಹನದ ಆರೈಕೆ ಸರಿಯಾಗಿದೆಯೇ ಎಂಬುದನ್ನು ನೋಡುವಂಥದು. ವಾಹನ ಯಾವ ಮಾನದಂಡಕ್ಕೆ ಸೇರಿದ್ದು ಎಂಬುದನ್ನು ಅದು ಸಾಬೀತುಪಡಿಸಲಾರದು.

ಮಾನದಂಡವನ್ನು ಸಾಬೀತುಪಡಿಸುವುದು ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 126ನೆಯ ನಿಯಮದಡಿ ನಡೆಯುವ ಮಾದರಿ ಅನುಮೋದನೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳು ಇದನ್ನು ನೀಡುತ್ತವೆ. ಕಾರು ಮತ್ತು ಸಣ್ಣ ಸರಕು ವಾಹನಗಳನ್ನು ಇಡಿಯಾಗಿ ಚಾಸಿಸ್ ಡೈನಮೋಮೀಟರ್ ಮೇಲೆ ಓಡಿಸಿ, ಕಿಲೋಮೀಟರಿಗೆ ಎಷ್ಟು ಗ್ರಾಂ ಮಾಲಿನ್ಯ ಎಂದು ಅಳೆಯುತ್ತಾರೆ. ಲಾರಿ, ಬಸ್ಸುಗಳಂಥ ಭಾರೀ ವಾಹನಗಳಲ್ಲಿ ಎಂಜಿನ್ನನ್ನು ಮಾತ್ರ ಪ್ರತ್ಯೇಕವಾಗಿ ಪರೀಕ್ಷಿಸಿ, ಒಂದು ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಲಾರಿಯ ಅನುಮೋದನೆ ಎಂಜಿನ್ನಿಗೆ ಅಂಟಿಕೊಂಡಿದ್ದರೆ, ಕಾರಿನದು ಎಂಜಿನ್, ಗೇರ್‌ಬಾಕ್ಸ್, ತೂಕ, ಸೈಲೆನ್ಸರ್‌ನಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲವೂ ಕೂಡಿದ ಇಡೀ ವಾಹನಕ್ಕೆ ಸೇರಿದ್ದು. ಒಳ್ಳೆಯ ಎಂಜಿನ್ನನ್ನೇ ಬೇರೊಂದು ಕಾರಿಗೆ ಕೂರಿಸಿದರೂ ಅದರ ಹಳೆಯ ಅನುಮೋದನೆ ಅದರ ಜೊತೆಗೆ ಬರುವುದಿಲ್ಲ.

ಅಂತರ ಎಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು. ಡೀಸೆಲ್ ಕಾರಿನ ನೈಟ್ರೊಜನ್ ಆಕ್ಸೈಡುಗಳ ಮಿತಿ ಬಿಎಸ್-4ರಲ್ಲಿ ಕಿಲೋಮೀಟರಿಗೆ 0.25 ಗ್ರಾಂ ಇದ್ದದ್ದು, 2020ರ ಏಪ್ರಿಲ್ 1ರಂದು ಜಾರಿಯಾದ ಬಿಎಸ್-6ರಲ್ಲಿ 0.08 ಗ್ರಾಂಗೆ ಇಳಿಯಿತು. ಮಸಿಯ ಕಣಗಳ ಮಿತಿ 0.025ರಿಂದ 0.0045ಕ್ಕೆ ಇಳಿಯಿತು. ಇದು ಸಾಧ್ಯವಾಗುವುದು ಕಣಶೋಧಕ, ಸಂವೇದಕಗಳು ಮತ್ತು ಅವೆಲ್ಲವನ್ನೂ ನಿಯಂತ್ರಿಸುವ ಗಣಕ ಘಟಕ ಒಟ್ಟಿಗೆ ಕೆಲಸ ಮಾಡಿದಾಗ ಮಾತ್ರ. ಬಿಎಸ್-6 ವಾಹನಕ್ಕೆ ಹಳೆಯ ಬಿಎಸ್-3 ಎಂಜಿನ್ ಕೂರಿಸಿದರೆ ಇವೆಲ್ಲವೂ ನಿರರ್ಥಕ. ಇಂಥ ಹಿಮ್ಮುಖ ಬದಲಾವಣೆಯನ್ನು ಸರ್ಕಾರ ತಡೆಯುವುದು ನ್ಯಾಯವೇ. ಇದನ್ನು ಯಾವ ವಾಣಿಜ್ಯ ಸಂಘವೂ ಸಮರ್ಥಿಸಬೇಕಾಗಿಲ್ಲ. ಕಳವಾದ ವಾಹನಗಳ ಎಂಜಿನ್ನುಗಳು ಗುಜರಿಯ ಹೆಸರಿನಲ್ಲಿ ಕೈ ಬದಲಾಗುತ್ತವೆಂಬ ಸರ್ಕಾರದ ಅಂಜಿಕೆಯೂ ಸುಳ್ಳಲ್ಲ.

ಆಕ್ಷೇಪವಿರುವುದು ಮುಮ್ಮುಖ ಬದಲಾವಣೆಗೂ ದಾರಿ ಸಾಕಷ್ಟು ಇಲ್ಲದಿರುವುದಕ್ಕೆ. ಈಗಿರುವ ದಾರಿ ಕಿಟ್‌ಗಳದು. ಬೆಂಗಳೂರಿನ ಆಟೋರಿಕ್ಷಾಗಳು ಪೆಟ್ರೋಲಿನಿಂದ ಎಲ್‌ಪಿಜಿಗೆ ಬದಲಾದದ್ದು ಈ ದಾರಿಯಲ್ಲೇ. 2022ರ ಆಗಸ್ಟ್ 11ರ ಕೇಂದ್ರದ ಅಧಿಸೂಚನೆಯು ಬಿಎಸ್-6 ಪೆಟ್ರೋಲ್ ವಾಹನಗಳಿಗೂ ಸಿಎನ್‌ಜಿ, ಎಲ್‌ಪಿಜಿ ಕಿಟ್ ಅಳವಡಿಕೆಗೆ ಅವಕಾಶ ನೀಡಿತು, 3.5 ಟನ್ನಿಗಿಂತ ಕಡಿಮೆ ತೂಕದ ಬಿಎಸ್-6 ವಾಹನಗಳಲ್ಲಿ ಡೀಸೆಲ್ ಎಂಜಿನ್ ತೆಗೆದು ಸಿಎನ್‌ಜಿ ಅಥವಾ ಎಲ್‌ಪಿಜಿ ಎಂಜಿನ್ ಹಾಕುವುದಕ್ಕೂ ಒಪ್ಪಿತು. ಎಂಜಿನ್ ಬದಲಾವಣೆಯನ್ನು ತತ್ತ್ವತಃ ಒಪ್ಪಿದ ಮಹತ್ವದ ಹೆಜ್ಜೆಯಿದು. ವಿದ್ಯುತ್ ಚಾಲನಾ ಕಿಟ್‌ಗಳಿಗೆ ಎಐಎಸ್-123 ಎಂಬ ಮಾನಕವಿದೆ. ಆದರೆ ಪ್ರತಿಯೊಂದು ಕಿಟ್ಟಿಗೂ ಅದು ಹೊಂದುವ ವಾಹನಗಳ ವ್ಯಾಪ್ತಿಯನ್ನು ಗೊತ್ತುಪಡಿಸಿ ಮಾದರಿ ಅನುಮೋದನೆ ಪಡೆಯಬೇಕು. ಅಳವಡಿಸುವ ಕಾರ್ಯಾಗಾರವೂ ಅಧಿಕೃತವಾಗಿರಬೇಕು. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಹತ್ತು ಮಂದಿಯನ್ನಿಟ್ಟುಕೊಂಡು ಬಿಡಿಭಾಗ ತಯಾರಿಸುವ ಘಟಕವೊಂದು ಪರೀಕ್ಷೆಯ ವೆಚ್ಚವನ್ನೂ ತಿಂಗಳುಗಟ್ಟಲೆಯ ಕಾಯುವಿಕೆಯನ್ನೂ ಒಬ್ಬಂಟಿಯಾಗಿ ಹೊರುವುದು ದುಸ್ಸಾಧ್ಯ. ಹೀಗಾಗಿ ಕೌಶಲವಿದ್ದೂ ಆ ಘಟಕ ಈ ಮಾರುಕಟ್ಟೆಯಿಂದ ಹೊರಗುಳಿಯುತ್ತದೆ.

ಹೊಗೆಯ ವಿಷಯದಲ್ಲಿ ಜಗತ್ತಿನಲ್ಲೇ ಅತಿ ಕಟ್ಟುನಿಟ್ಟೆಂದು ಹೆಸರಾದ ಕ್ಯಾಲಿಫೋರ್ನಿಯ ಈ ತೊಡಕನ್ನು ಬಿಡಿಸಿಕೊಂಡ ಬಗೆ ಗಮನಾರ್ಹ. ಅಲ್ಲಿ ಕಾರಿಗೆ ಬೇರೆ ಎಂಜಿನ್ ಹಾಕಬಹುದು. ಆದರೆ ಅದು ಆ ಕಾರಿನ ಇಸವಿಯದೇ ಅಥವಾ ಅನಂತರದ ಇಸವಿಯದೇ ಆಗಿರಬೇಕು, ಅದೇ ವರ್ಗದ ವಾಹನದ್ದಾಗಿರಬೇಕು, ಅದರ ಮಾಲಿನ್ಯ ನಿಯಂತ್ರಣ ಸಾಧನಗಳಷ್ಟೂ ಜೊತೆಯಲ್ಲಿ ಬರಬೇಕು. ರಾಜ್ಯವು ನೇಮಿಸಿದ ರೆಫರಿ ಕೇಂದ್ರವೊಂದು ಇವನ್ನೆಲ್ಲ ಪರಿಶೀಲಿಸಿ ವಾಹನಕ್ಕೆ ಚೀಟಿ ಅಂಟಿಸುತ್ತದೆ. ಆಮೇಲೆ ಆ ವಾಹನವನ್ನು ಹೊಸ ಎಂಜಿನ್ನಿನ ಲೆಕ್ಕದಲ್ಲೇ ತಪಾಸಿಸಲಾಗುತ್ತದೆ. ಮಾಲೀಕ ಪ್ರಯೋಗಾಲಯದ ಪೂರ್ಣ ಪರೀಕ್ಷೆಯ ವೆಚ್ಚ ಭರಿಸಬೇಕಾಗಿಲ್ಲ.

ಇದನ್ನು ಇಲ್ಲಿಗೆ ಯಥಾವತ್ತಾಗಿ ತರಬೇಕೆಂದಲ್ಲ. ಆದರೆ ಅಧಿನಿಯಮವೇ ಈಗ ಮಾರ್ಪಾಡುಗಳಿಗೆ ನಿರ್ದಿಷ್ಟತೆ ಮತ್ತು ಷರತ್ತುಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಸಂಸತ್ತಿಗೆ ಮತ್ತೆ ಹೋಗಬೇಕಾಗಿಲ್ಲ. ತಯಾರಕರೇ ಒಂದು ಮಾದರಿಯ ವಾಹನಕ್ಕೆ ಹಲವು ಎಂಜಿನ್ನುಗಳನ್ನು ಅನುಮೋದಿಸಿಕೊಂಡಿರುವಾಗ, ಅವುಗಳಲ್ಲಿ ಸಮಾನ ಅಥವಾ ಮೇಲಿನ ಮಾನದಂಡದ ಎಂಜಿನ್ನನ್ನು ಸಮಗ್ರ ಹೊಗೆ ನಿಯಂತ್ರಣ ವ್ಯವಸ್ಥೆಯೊಡನೆ ಹಾಕಿದರೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರದ ಪರಿಶೀಲನೆಯ ಮೇಲೆ ನೋಂದಾಯಿಸಲು ನಿಯಮ ರೂಪಿಸಬಹುದು. ಭಾರೀ ವಾಹನಗಳಲ್ಲಿ ಅನುಮೋದನೆ ಎಂಜಿನ್ನಿಗೇ ಸೇರಿದ್ದಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಸುಲಭ. ಅದೇ ಮಾದರಿಯ ಬದಲಿಗೆ ಸಂಬಂಧಿಸಿದಂತೆ, ಯಾವ ಕಚೇರಿಗೆ ಹೋದರೂ ಒಂದೇ ದಾಖಲೆಪಟ್ಟಿ, ಒಂದೇ ಕಾಲಮಿತಿ ಇರುವಂತೆ ರಾಜ್ಯದ ಸಾರಿಗೆ ಇಲಾಖೆ ಸುತ್ತೋಲೆ ಹೊರಡಿಸಿದರೂ ಅರ್ಧ ತೊಂದರೆ ನೀಗೀತು. ಕಿಟ್ ತಯಾರಿಸುವ ಸಣ್ಣ ಘಟಕಗಳು ಒಗ್ಗೂಡಿ ಒಂದೇ ಅನುಮೋದನೆ ಪಡೆದು ಹಂಚಿಕೊಳ್ಳುವ ವ್ಯವಸ್ಥೆಗೆ ವಾಣಿಜ್ಯ ಸಂಘಗಳು ಮುಂದಾಳತ್ವ ವಹಿಸಬಹುದಾಗಿದೆ.

ಅಲ್ಲಿಯವರೆಗೆ ವರ್ತಕರು ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ಗುಜರಿಯ ಎಂಜಿನ್ ಕೊಳ್ಳುವಾಗ ಸಂಖ್ಯೆ ನಮೂದಿಸಿದ ಬಿಲ್ಲು ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ ಕೊಳ್ಳದಿರುವುದು ಲೇಸು. ಬಳಕೆಗೆ ಬಾರದಂತಾದ ವಾಹನದ ನೋಂದಣಿಯನ್ನು 55ನೆಯ ಪ್ರಕರಣದಡಿ ರದ್ದುಪಡಿಸಿಕೊಳ್ಳಬೇಕು. 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರಗಳು ವಾಹನ ಗುಜರಿಯಾದುದಕ್ಕೆ ಪ್ರಮಾಣಪತ್ರವನ್ನೇ ಕೊಡುತ್ತವೆ. ಎಂಜಿನ್ ಬಂದ ಮೂಲ ವಾಹನದ ಇಂಥ ಕಾಗದದ ಪ್ರತಿಯೊಂದು ಜೊತೆಯಲ್ಲಿದ್ದರೆ ಕಳವಿನ ಶಂಕೆಗೆ ಆಸ್ಪದವಿರದು. ಜೆ.ಸಿ. ರಸ್ತೆಯ ವ್ಯಾಪಾರಿಗಳು ಸ್ವಯಂಪ್ರೇರಣೆಯಿಂದ ಈ ಪದ್ಧತಿಯನ್ನು ಅಳವಡಿಸಿಕೊಂಡರೆ ಅವರ ಸರಕಿಗೇ ಬೆಲೆ ಹೆಚ್ಚೀತು. ವಾಹನ ಸಾಲದಲ್ಲಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ವಿಮಾ ಕಂಪನಿಗೂ ಬದಲಾವಣೆಯನ್ನು ಬರಹದಲ್ಲಿ ತಿಳಿಸಿ ಪಾಲಿಸಿಯಲ್ಲಿ ನಮೂದು ಮಾಡಿಸಬೇಕು. ಅಪಘಾತವಾದ ಮೇಲೆ ಸರ್ವೇಯರ್ ಬಂದು ಮೊದಲು ಓದುವುದು ಚಾಸಿಸ್ ಸಂಖ್ಯೆಯನ್ನು, ಅನಂತರ ಎಂಜಿನ್ ಸಂಖ್ಯೆಯನ್ನು.