ರವಿವಾರ ಹೊಲಕ್ಕೆ ಬರ್ರಿ, ಕಲಿಯೋದದ

ಹೋದ ಎಳ್ಳ ಅಮಾವಾಸ್ಯೆಯ ಮರುದಿನ ವಾಚನಾಲಯದ ಕಟ್ಟೆ ಮೇಲೆ ಕೂತಾಗ ನಾನೊಂದು ಮಾತು ಎತ್ತಿದೆ. ತಿಂಗಳಿಗೆ ಎರಡು ರವಿವಾರ ಹೊಲದಾಗ ಶಾಲೆ ನಡೆಸೋಣ, ಹುಡುಗರಿಗಲ್ಲ, ನಮ್ಮಂಥ ದೊಡ್ಡವರಿಗೆ ಅಂದೆ. ಎಲ್ಲರೂ ನಕ್ಕರು. "ಕಾಕಾ, ರೈತರಿಗೆ ಹೊಲದಾಗ ಏನು ಕಲಿಸ್ತೀರಿ? ಮೀನಿಗೆ ಈಜು ಕಲಿಸಿದಂಗಾಯ್ತು" ಅಂದರು ಒಬ್ಬರು. ಆ ನಗೆಗೆ ಉತ್ತರ ಕೊಡಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ಮಾನ ಕಳೆದುಕೊಳ್ಳುತ್ತೇನೆ. ನಮ್ಮ ಕೊಟ್ಟಿಗೆಯ ಜಂತಿಗೆ ಅಪ್ಪನ ಕೂರಿಗಿ ತೂಗುಬಿದ್ದದ. ಮೊಮ್ಮಗ "ಇದರಾಗ ಬೀಜ ಹ್ಯಾಂಗ ಬೀಳ್ತದ ಅಜ್ಜಾ?" ಅಂತ ಕೇಳಿದ. ತೋರಿಸಲಿಕ್ಕೆ ಬರಲಿಲ್ಲ. ಎತ್ತು ಹೊಡೆದವನು ನಾನು. ಬಟ್ಟಲಿಗೆ ಕಾಳು ಬಿಡುವ ಕೆಲಸ ಹೆಣ್ಣುಮಕ್ಕಳದಾಗಿತ್ತು. ಮುಷ್ಟಿಯಿಂದ ಕಾಳು ಒಂದೇ ಸಮ ಜಾರಬೇಕು, ಕೊಳವಿ ಕಟ್ಟಬಾರದು, ಸಾಲು ಖಾಲಿ ಹೋಗಬಾರದು. ಬಾಜೂ ಮನೆಯ ಆಯಿ ಬಂದು ಒಂದು ಹಿಡಿ ಉಸುಕು ತಗೊಂಡು ಬೆರಳು ಆಡಿಸಿ ತೋರಿಸಿದಳು. ಹುಡುಗನಿಗೆ ತಿಳಿಯಿತು. ನಲವತ್ತು ವರ್ಷ ಒಕ್ಕಲುತನ ಮಾಡಿದ ನನಗೂ ಅವತ್ತೇ ತಿಳಿಯಿತು.

"ಟ್ರ್ಯಾಕ್ಟರ್ ಬಿಟ್ಟು ಎತ್ತು ಕಟ್ಟಬೇಕಾ?" ಅಂತ ಕೇಳುವವರಿದ್ದಾರೆ. ನಾನು ಹಾಗನ್ನುವುದಿಲ್ಲ. ಟ್ರ್ಯಾಕ್ಟರಿನಿಂದಲೇ ಬಿತ್ತಿರಿ. ಆದರೆ ಎಡೆ ಯಾಕೆ ಹೊಡೆಯಬೇಕು ಅನ್ನೋದು ತಿಳಿದಿರಲಿ. ಎರಿ ನೆಲ ಒಣಗಿದರೆ ಕುಗ್ಗಿ ಬಿರಿಯುತ್ತದೆ, ಆ ಬಿರುಕಿನಿಂದ ಒಳಗಿನ ಹಸಿ ಹಾರಿ ಹೋಗುತ್ತದೆ. ಎಡೆಕುಂಟಿ ಆಡಿಸಿದರೆ ಮೇಲಿನ ಮಣ್ಣು ಪುಡಿಯಾಗಿ ಬಿರುಕು ಮುಚ್ಚುತ್ತದೆ. ಮಳೆ ಹೋದ ಮೇಲೆ ಹಿಂಗಾರಿ ಜೋಳಕ್ಕೆ ಆ ಹಸಿಯೇ ಆಸರೆ. ನಾವೀಗ ಕಳೆಗೆ ಔಷಧ ಹೊಡೆದೆವು, ಎಡೆ ಯಾಕೆ ಅಂತೀವಿ. ಕಳೆ ಸತ್ತಿತು, ಬಿರುಕು ಮುಚ್ಚಲಿಲ್ಲ. ಅದೇ ಔಷಧದಾಗ ಹಕ್ಕರಕಿ ಹೋಯಿತು, ಗೋಳಿ ಪಲ್ಯ ಹೋಯಿತು. ಬಡವರ ಮನೆಗೆ ಪುಕ್ಕಟೆ ಸಿಗುತ್ತಿದ್ದ ಪಲ್ಯ ಅವು.

ಇನ್ನು ಹಗೇವು. ಅದರಾಗ ಜೋಳ ವರ್ಷಗಟ್ಟಲೆ ಇರುತ್ತಿತ್ತು ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಬಾಯಿ ತೆರೆದ ಕೂಡಲೇ ಇಳಿದರೆ ಉಸಿರುಗಟ್ಟಿ ಸಾಯುತ್ತಾರೆ, ದೀಪ ಇಳಿಸಿ ನೋಡಬೇಕು, ಅದು ಆರಿದರೆ ಒಳಗೆ ಕಾಲಿಡಬಾರದು ಅಂತ ಎಷ್ಟು ಮಂದಿಗೆ ಗೊತ್ತು? ಹೆಮ್ಮೆ ಉಳಿದು ತಿಳಿವಳಿಕೆ ಹೋದರೆ ಜೀವಕ್ಕೇ ಅಪಾಯ.

ಎಳ್ಳ ಅಮಾವಾಸ್ಯೆಯನ್ನೇ ನೋಡಿರಿ. ಲಾತೂರ ಜಿಲ್ಲೆಯೇ ಆ ದಿನ ಹೊಲದಾಗ ಇರುತ್ತದೆ. ಮರಾಠಿಯವರು ವೇಳಾ ಅಮಾವಾಸ್ಯೆ ಅಂತಾರೆ, ಹೆಸರು ನಮ್ಮ ಎಳ್ಳಿನಿಂದಲೇ ಹೋದದ್ದು ಅಂತಾರೆ. ಕಣಕಿಯ ಕೊಪ್ಪಿ ಕಟ್ಟಿ, ಪಾಂಡವರ ಕಲ್ಲಿಟ್ಟು, ಚರಗ ಚೆಲ್ಲಿ, ಅಂಬಲಿ ಕುಡಿದು ಬರುತ್ತೇವೆ. ಭಜ್ಜಿಗೆ ಬೇಕಾದ ಹಸಿ ಕಡಲಿ, ತೊಗರಿ, ಅವರಿ ಅದೇ ಹೊಲದಾಗ ಸಿಗುತ್ತಿದ್ದವು. ಈಗ ಸೋಯಾ ಕೊಯ್ದ ಹೊಲದಾಗ ಕೂತು ಬಜಾರಿನ ಕಾಳಿನ ಭಜ್ಜಿ ಉಣ್ಣುತ್ತೇವೆ. ವರ್ಷಕ್ಕೊಮ್ಮೆ ಉಂಡು ಬರಲಿಕ್ಕೆ ಹೋಗುವವರು ತಿಂಗಳಿಗೆ ಎರಡು ಸಲ ಕಲಿಯಲಿಕ್ಕೆ ಯಾಕೆ ಹೋಗಬಾರದು?

ಬ್ಯಾರೆ ಕಡೆ ಇದನ್ನು ನಗೆಚಾಟಿಕೆ ಮಾಡಿಲ್ಲ. ಬೀದರ ದಾಟಿದರೆ ಜಹೀರಾಬಾದ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಹಳೆ ಬೀಜಗಳನ್ನು ಎತ್ತಿನ ಬಂಡಿಯಲ್ಲಿಟ್ಟು ಸಂಕ್ರಾಂತಿಗೆ ಊರೂರಿಗೆ ಜಾತ್ರೆ ಒಯ್ಯುತ್ತಾರೆ. 2008ರಿಂದ ಅವರದೇ ರೇಡಿಯೋ ಅದ. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ದೂರದ ಅಮೆರಿಕೆಯ ಅರಿಜೋನಾ ಮರುಭೂಮಿಯಲ್ಲಿ ಓದಿದ ನೌಕರದಾರರು ರಜೆಯ ದಿನ ಕಳ್ಳಿಗಿಡ ಗುರುತಿಸಲಿಕ್ಕೆ, ಒಣನೆಲದ ಬೀಜ ಕಾಯಲಿಕ್ಕೆ ಕಲಿಯುತ್ತಾರೆ. ನಮ್ಮದೇನು ಮರುಭೂಮಿಯೇ ಅನ್ನಬೇಡಿರಿ. 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂತು, ಮೊದಲ ಸಲ 5 ಲಕ್ಷ ಲೀಟರ್. ರೈಲಿನ ನೀರು ಕುಡಿದ ಜಿಲ್ಲೆ ನಮ್ಮದು.

ಒಂದು ಮಾತು ಖಡಕ್ ಆಗಿ ಹೇಳುತ್ತೇನೆ. ಹಿಂದಿನದೆಲ್ಲಾ ಚಲೋ ಇತ್ತು ಅನ್ನುವವರ ಸಂಗಡ ನಾನಿಲ್ಲ. ಹಗ್ಗ ಹೊಸೆದವರನ್ನು, ಬುಟ್ಟಿ ಹೆಣೆದವರನ್ನು ನಮ್ಮ ಹಿರಿಯರು ಅಂಗಳದ ಹೊರಗೇ ನಿಲ್ಲಿಸಿದರು. ಕಳೆ ಕಿತ್ತು ಕಿತ್ತು ಪ್ರತಿಯೊಂದು ಗಿಡದ ಗುಣ ತಿಳಿದ ಹೆಣ್ಣುಮಕ್ಕಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ವಿದ್ಯೆ ಅವರ ಹತ್ತಿರವೇ ಅದ. ಹೊಲದ ಶಾಲೆಯಲ್ಲಿ ಅವರು ಗುರುಗಳು, ನಾವೆಲ್ಲ ಒಂದೇ ಸಾಲಿನಾಗ ಕೂಡುವ ಶಿಷ್ಯರು. ಬರೀ ಶಾಲು ಹೊದಿಸಿ ಕಳಿಸೋದಲ್ಲ, ಅವತ್ತಿನ ಪಗಾರ ಕೈಯಾಗ ಇಡಬೇಕು. ಅದಕ್ಕೆ ತಲಾ ಹತ್ತಿಪ್ಪತ್ತು ರೂಪಾಯಿ ಪಟ್ಟಿ ಹಾಕೋಣ.

ಮಾಸ್ತರರೇ, ನಿಮಗೊಂದು ಅರಿಕೆ. ಇಲ್ಲಿ ಮಕ್ಕಳು ಶಾಲೆಯಾಗ ಮರಾಠಿ ಓದುತ್ತಾರೆ, ಓದಲಿ. ಮರಾಠಿಯೂ ನಮ್ಮದೇ. ಆದರೆ ಕೂರಿಗಿ, ಕುಂಟಿ, ಹಗೇವು, ಹಕ್ಕರಕಿ ಅನ್ನುವ ಮಾತು ಯಾವ ಪಾಠದ ಪುಸ್ತಕದಾಗೂ ಇಲ್ಲ, ಕೆಲಸದಾಗ ಇದ್ದವು. ಕೆಲಸ ನಿಂತರೆ ಮಾತೂ ನಿಲ್ಲುತ್ತದೆ. ಗಡಿಯಾಗ ಕನ್ನಡ ಉಳಿಸಬೇಕು ಅಂತ ನವೆಂಬರಿಗೊಮ್ಮೆ ಭಾಷಣ ಮಾಡುತ್ತೇವೆ. ತಿಫಣಕ್ಕೆ ಕೂರಿಗಿ ಅಂತಾರೆ ಅಂತ ಹೇಳಿಕೊಡಲಿಕ್ಕೆ ಹೊಲಕ್ಕೆ ಹೋಗೋದಿಲ್ಲ. ನೀವು ಕಲಿಸಲಿಕ್ಕೆ ಬರಬೇಡಿರಿ. ವಹಿ-ಪೆನ್ನು ತಗೊಂಡು ಕಲಿಯಲಿಕ್ಕೆ ಬರ್ರಿ. ಆಯಿ ಹೇಳಿದ್ದನ್ನು ಎರಡೂ ಭಾಷೆಯಲ್ಲಿ ಬರೆದು ವಾಚನಾಲಯಕ್ಕೆ ಕೊಡಿರಿ, ಮುಂದಿನ ಪುಸ್ತಕದಾಗ ಅಚ್ಚು ಹಾಕೋಣ.

ಮೊದಲ ಪಾಠಕ್ಕೆ ನಮ್ಮ ಹೊಲ ಕೊಡುತ್ತೇನೆ, ಬಾಂದಿನ ಬೇವಿನ ಗಿಡದ ಕೆಳಗೆ, ಮುಂಜಾನೆ ಏಳಕ್ಕೆ. ಜಂತಿಯ ಕೂರಿಗಿ ಇಳಿಸಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಆಯಿಯನ್ನೂ ಕೇಳಿದೆ. "ಬರ್ತೀನಿ, ಆದ್ರ ನಕ್ಕವರನ್ನ ಮುಂದ ಕೂಡಿಸು" ಅಂದಳು.