ಗುಜರಿಗೂ ಅಲ್ಲ, ಮೆರವಣಿಗೆಗೂ ಅಲ್ಲ

“ಇದನ್ನ ಇನ್ನಾ ಇಟ್ಕೊಂಡೀರೇನ್ರಿ?”

ಸೇಡಂ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ತಿಂಗಳಿಗೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವನ ಕೈ ಅಷ್ಟರಲ್ಲಿ ಟ್ಯಾಂಕ್ ಸವರುತ್ತಿರುತ್ತದೆ. ಗಾಡಿ ಯೆಜ್ಡಿ ರೋಡ್‌ಕಿಂಗ್, 1984ರದ್ದು. ಅಪ್ಪ ಇದರ ಮೇಲೆಯೇ ಕಮಲಾಪುರಕ್ಕೆ ಹೋಗಿ ಮಾಸ್ತರಿಕೆ ಮಾಡಿ ಬರುತ್ತಿದ್ದರು.

ಅಮೆರಿಕದವರಿಗೆ ಮಸ್ಟಾಂಗ್ ಹೇಗೋ ನಮಗೆ ಇದು ಹಾಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಮನೆತನದ ಗಾಡಿಗಳನ್ನು ಮಾಡಿತು. 250 ಸಿಸಿ, ಟೂ-ಸ್ಟ್ರೋಕ್, ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಎಂಬತ್ತರ ದಶಕದ ಕಲಬುರಗಿಯಲ್ಲಿ ವೇಗ ಅಂದರೆ ಇದೇ.

ಆದರೆ ಹೋಲಿಕೆ ಅಲ್ಲಿಗೇ ಮುಗೀತು. ಅಲ್ಲಿ ಅರವತ್ತರ ದಶಕದ ಮಸ್ಟಾಂಗಿಗೆ ಫೋರ್ಡ್ ಪರವಾನಗಿ ಪಡೆದವರು ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುತ್ತಾರೆ. ಬಹಳಷ್ಟು ರಾಜ್ಯಗಳಲ್ಲಿ 25 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ಸಾಕು ಅನ್ನುತ್ತದೆ.

ನಮ್ಮಲ್ಲಿ? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂತು. ಗಾಡಿಗೆ 50 ವರ್ಷ ಆಗಿರಬೇಕು, ಮೂಲ ರೂಪದಲ್ಲೇ ಇರಬೇಕು. ನೋಂದಣಿ ಶುಲ್ಕ 20,000 ರೂಪಾಯಿ. ದಿನದ ಓಡಾಟಕ್ಕೆ ತೆಗೆಯುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಗಷ್ಟೇ ರಸ್ತೆ.

ಈಗ ಲೆಕ್ಕ ಹಾಕಿ. ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಅಂದರೆ ಮೊಟ್ಟಮೊದಲ ರೋಡ್‌ಕಿಂಗಿಗೂ ಈ ಗೌರವ ಸಿಗಬೇಕಾದರೆ 2028 ಬರಬೇಕು. ಅಪ್ಪನ ಗಾಡಿಗೆ 2034. ಕಾರ್ಖಾನೆಯ ಕೊನೆಯ ಗಾಡಿಗೆ 2046! ಅಲ್ಲಿಯತನಕ ಇವು ಬರೀ “ಹಳೇ ಗಾಡಿ”. ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. 300 ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 1,000 ಆಯ್ತು, 2025ರಲ್ಲಿ 20 ವರ್ಷ ದಾಟಿದ ಬೈಕಿಗೆ 2,000 ಆಯ್ತು. ದುಡ್ಡಿಗಿಂತ ಅದರ ಹಿಂದಿನ ಮಾತು ನೋವು ಕೊಡುತ್ತದೆ: ಸಾಕು, ಬಿಟ್ಟುಬಿಡು. ಹೋದ ಸಲ ಏಜೆಂಟನೊಬ್ಬ ಬಾಯಿಬಿಟ್ಟೇ ಹೇಳಿದ, “ಗುಜರಿಗಿ ಹಾಕ್ರಿ, ಸುಮ್ನ ಯಾಕ ಒದ್ದಾಡ್ತೀರಿ?”

ಐವತ್ತು ತುಂಬಿದರೆ ಹಾರ, ನಲವತ್ತಕ್ಕೆ ದಂಡ. ಹಾಗಾದರೆ ಐವತ್ತರವರೆಗೆ ಬದುಕಿ ಉಳಿಯುವುದು ಯಾರ ಗಾಡಿ? ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸುವಷ್ಟು ಜಾಗ, ಕಾಸು ಇದ್ದವರದ್ದು. ಮಾಸ್ತರರ ಗಾಡಿ ಅಷ್ಟರಲ್ಲಿ ಕೆಜಿ ಲೆಕ್ಕದಲ್ಲಿ ಹೋಗಿರುತ್ತದೆ.

ಹೊಗೆ ಬರುತ್ತೆ ಅಂತೀರಾ? ಬರುತ್ತೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಹಾಗಾದರೆ ಹೊಗೆಯನ್ನು ಅಳೆಯಿರಿ, ಬ್ರೇಕ್ ಪರೀಕ್ಷಿಸಿ, ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಗೆರೆ ಹಾಕಿ. ಫೇಲಾದರೆ ನಿಲ್ಲಿಸೋಣ. ಆದರೆ ಬರೀ ವಯಸ್ಸು ನೋಡಿ ತೀರ್ಪು ಕೊಡಬೇಡಿ.

ನಮ್ಮವರದ್ದೂ ತಪ್ಪಿದೆ. ಸೈಲೆನ್ಸರಿನ ಒಳಗಿನದನ್ನು ಕಿತ್ತೆಸೆದು, ರಾತ್ರಿ ಆಸ್ಪತ್ರೆಗಳ ಮುಂದೆ ಢರ್ ಅನ್ನಿಸಿಕೊಂಡು ಹೋಗುವವರು ಹಳೇ ಗಾಡಿಯ ಅಭಿಮಾನಿಗಳಲ್ಲ, ಶತ್ರುಗಳು. ಅವರ ಸಪ್ಪಳ ಕೇಳಿದ ಮೇಲೆ ಯಾರು ನಮ್ಮ ಪರ ಮಾತಾಡ್ತಾರೆ?

ಗಾಡಿ ಸಾಕುವುದೆಂದರೆ ಸಪ್ಪಳವಲ್ಲ, ತಾಳ್ಮೆ. ಅಳೆದು ಆಯಿಲ್ ಬೆರೆಸಬೇಕು. ಪಾಯಿಂಟ್ ಉಜ್ಜಬೇಕು. ಸಿಮೆಂಟ್ ಲಾರಿಗಳ ಧೂಳು ಕುಡಿದ ಏರ್ ಫಿಲ್ಟರ್ ಮತ್ತೆ ಮತ್ತೆ ತೊಳೆಯಬೇಕು. ನಮ್ಮ ಮಿಸ್ತ್ರಿ ಚಾಚಾ ಎಂಜಿನ್ ಸಪ್ಪಳ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಾರೆ. ಮೊನ್ನೆ ಅಂದರು: “ನಾ ಹೋದಮ್ಯಾಗ ಇದರ ಮಾತು ಯಾರಿಗಿ ತಿಳೀತದ್ರಿ?”

ವಿಂಟೇಜ್ ಮಿತಿಯನ್ನು 30 ವರ್ಷಕ್ಕೆ ಇಳಿಸಿ. ಶುಲ್ಕ ಮಾಸ್ತರರ ಮನೆಗೂ ಎಟುಕುವಂತಿರಲಿ. ಭಾನುವಾರ ಒಂದು ದಿನ ಓಡಿಸಲು ಬಿಡಿ. ಓಡದ ಗಾಡಿಗೆ ಮಿಸ್ತ್ರಿ ಬೇಕಿಲ್ಲ, ಮಿಸ್ತ್ರಿ ಇಲ್ಲದ ಗಾಡಿ 2034ರವರೆಗೆ ಬದುಕೋದಿಲ್ಲ.

ಬಂಕಿನಲ್ಲಿ ಕೇಳುವವರಿಗೆ ನನ್ನ ಉತ್ತರ ಒಂದೇ: ಹೌದ್ರಿ, ಇಟ್ಕೊಂಡೀನಿ. ಇನ್ನಾ ಇಟ್ಕೋತೀನಿ.