ಹೊಂದಾಣಿಕೆ ಎಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ

ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ, ಹೊಂದಿಕೊಂಡು ಹೋಗುವ ಗುಣ ತಾನಾಗಿ ಬರುತ್ತದೆ ಎನ್ನುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ, ಮಹಿಳಾ ಸಮಾಜದ ಸಭೆಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನಮ್ಮ ನೆಂಟರ ಪೈಕಿ ಹದಿನಾರು ವರ್ಷದ ಹುಡುಗಿಯೊಬ್ಬಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ವಯೋಲಾ ನುಡಿಸುತ್ತಾಳೆ. ಅದು ಪಿಟೀಲಿಗಿಂತ ಮೈ ತುಸು ದೊಡ್ಡದಾದ, ದನಿ ತಗ್ಗಾದ ವಾದ್ಯ. ಬೇಸಿಗೆ ರಜೆಯಲ್ಲಿ ಆರು ವಾರ ಮನೆ ಬಿಟ್ಟು ಚೇಂಬರ್ ಮ್ಯೂಸಿಕ್ ಶಿಬಿರಕ್ಕೆ ಹೊರಟಿದ್ದಾಳೆಂದು ತಿಳಿದಾಗ ಇಲ್ಲಿ ಅಜ್ಜನಿಗೆ ಅಸಮಾಧಾನ, ಅಜ್ಜಿಗೆ ಸಮಾಧಾನ. "ಬಹುಮಾನ ಇಲ್ಲ, ಒಬ್ಬಳೇ ಕೂತು ನುಡಿಸೋ ಕಚೇರಿ ಇಲ್ಲ, ದುಡ್ಡು ಯಾಕೆ ಸುರೀಬೇಕು?" ಎಂದು ಅಜ್ಜ. "ಹೋಗಲಿ ಬಿಡಿ, ನಾಲ್ಕು ಜನರ ಜೊತೆ ಅನುಸರಿಸಿಕೊಂಡು ಹೋಗೋದನ್ನಾದರೂ ಕಲೀತಾಳೆ, ನಾಳೆ ಗಂಡನ ಮನೇಲಿ ಅನುಕೂಲ" ಎಂದು ಅಜ್ಜಿ. ಅಜ್ಜನಿಗೆ ಉತ್ತರ ಹೇಳುವುದು ಸುಲಭ. ಅಜ್ಜಿಯ ಮಾತೇ ಅಪಾಯದ್ದು.

ಚೇಂಬರ್ ಎಂದರೆ ಕೋಣೆ. ಅರಮನೆಗಳ, ಸಿರಿವಂತರ ಮನೆಗಳ ಕೋಣೆಯಲ್ಲಿ ಕೆಲವೇ ಜನ ಕೂಡಿ ನುಡಿಸುತ್ತಿದ್ದ ಸಂಗೀತಕ್ಕೆ ಆ ಹೆಸರು. ಅದರಲ್ಲಿ ಹೆಚ್ಚು ಹೆಸರಾದದ್ದು ನಾಲ್ವರ ಮೇಳ: ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ದೊಡ್ಡ ಆರ್ಕೆಸ್ಟ್ರಾದಲ್ಲಾದರೆ ಹತ್ತಾರು ಪಿಟೀಲುಗಳು ಒಂದೇ ಸಾಲನ್ನು ನುಡಿಸುತ್ತವೆ, ಕೋಲು ಹಿಡಿದ ನಿರ್ದೇಶಕ ಎದುರಿಗೆ ನಿಂತಿರುತ್ತಾನೆ. ಇಲ್ಲಿ ಕೋಲೂ ಇಲ್ಲ, ಅಡಗಿಕೊಳ್ಳಲು ಮರೆಯೂ ಇಲ್ಲ. ವಯೋಲಾದವಳ ಸಾಲು ಅವಳೊಬ್ಬಳದೇ. ಅವಳು ಸುಮ್ಮನಾದರೆ ಹಾಡಿನ ನಡುವಿನಲ್ಲಿ ಗುಂಡಿ ಬೀಳುತ್ತದೆ. ಯಾವ ವೇಗ, ಎಲ್ಲಿ ಉಸಿರು, ಕಮಾನು ಮೇಲಕ್ಕೋ ಕೆಳಕ್ಕೋ ಎಂಬುದನ್ನೆಲ್ಲ ನಾಲ್ವರೂ ವಾದ ಮಾಡಿಯೇ ತೀರ್ಮಾನಿಸಬೇಕು. "ನಿನ್ನ ದನಿ ಜೋರಾಯಿತು, ನನ್ನದು ಕೇಳುತ್ತಿಲ್ಲ" ಎಂದು ಮೊದಲ ಪಿಟೀಲಿನವನಿಗೆ ಹೇಳುವುದು ಅವಳ ಹಕ್ಕು, ಹೊಣೆ ಕೂಡ. ಆಮೇಲೆ ಅವನ ಮಾತನ್ನೂ ಅವಳು ಕೇಳಬೇಕು, ಅದು ಬೇರೆ. ಇದನ್ನು ಅನುಸರಿಸಿಕೊಂಡು ಹೋಗುವುದು ಎನ್ನುತ್ತಾರೆಯೆ? ನಮ್ಮ ಎಷ್ಟು ಮನೆಗಳಲ್ಲಿ ಸೊಸೆಯಾದವಳು ಊಟದ ಹೊತ್ತಿನಲ್ಲಿ ಹೀಗೆ ಹೇಳಬಲ್ಲಳು, ನೀವೇ ಹೇಳಿ.

ಇನ್ನು ಅಜ್ಜನ ದುಡ್ಡಿನ ಲೆಕ್ಕ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮಾರ್ಲ್‌ಬೊರೊ ಎಂಬ ಗುಡ್ಡಗಾಡಿನ ಊರಿದೆ. ಇಂಥ ಬೇಸಿಗೆ ಶಿಬಿರಗಳಲ್ಲಿ ಅಲ್ಲಿನದು ಬಹಳ ಹೆಸರಾದದ್ದು. ಹಿಟ್ಲರನ ಜರ್ಮನಿಯನ್ನು ಧಿಕ್ಕರಿಸಿದ ಪಿಟೀಲುವಾದಕ ಅಡಾಲ್ಫ್ ಬುಷ್, ಅವರ ಅಳಿಯ ಪಿಯಾನೋವಾದಕ ರುಡಾಲ್ಫ್ ಸರ್ಕಿನ್, ಫ್ರಾನ್ಸಿನ ಕೊಳಲುವಾದಕ ಮಾರ್ಸೆಲ್ ಮೊಯ್ಸ್, ಅವರ ಮಗ ಲೂಯಿ, ಸೊಸೆ ಬ್ಲಾಂಶ್ ಮೊದಲಾದವರು ಸೇರಿ 1951ರಲ್ಲಿ ಅದನ್ನು ಕಟ್ಟಿದರು. ಅಲ್ಲಿಗೆ ಬರುವವರು ಎಳೆಮಕ್ಕಳಲ್ಲ, ವೃತ್ತಿಯ ಹೊಸ್ತಿಲಲ್ಲಿರುವ ತರುಣ ತರುಣಿಯರು. ಹೆಸರಾಂತ ಹಿರಿಯರು ಎದುರಿಗೆ ಕೂತು ಪಾಠ ಹೇಳುವುದಿಲ್ಲ. ಮೇಳದೊಳಗೇ ಒಬ್ಬರಾಗಿ ಕೂತು ನುಡಿಸುತ್ತಾರೆ. ಸುಮಾರು ಏಳು ವಾರ ಅಭ್ಯಾಸ. ಅಭ್ಯಾಸ ಮಾಡಿದ ಕೃತಿಗಳಲ್ಲಿ ಬಹುಪಾಲು ವೇದಿಕೆಯನ್ನೇ ಏರುವುದಿಲ್ಲ! ವಾರದ ಕೊನೆಯ ಕಚೇರಿಯಲ್ಲಿ ಏನು ನುಡಿಸಬೇಕೆಂಬುದೂ ಒಂದು ವಾರ ಮುಂಚೆಯಷ್ಟೇ ಗೊತ್ತಾಗುವುದು. ಊಟದ ಮನೆಯಲ್ಲಿ ದೊಡ್ಡವರು ಚಿಕ್ಕವರೆನ್ನದೆ ಕಾಗದದ ಕರವಸ್ತ್ರ ಉಂಡೆಮಾಡಿ ಒಬ್ಬರಿಗೊಬ್ಬರು ಎಸೆಯುತ್ತಾರಂತೆ. ನಮ್ಮ ಶಾಲೆಯಲ್ಲಾದರೆ ನಾನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಆ ಮಾತು ಬಿಡಿ. ಕಚೇರಿಯ ಗಡುವಿಲ್ಲದೆ ಕಲಿತದ್ದರಿಂದ ನಷ್ಟವೇನೂ ಆಗಿಲ್ಲ. ಅಲ್ಲಿ 1964ರಲ್ಲಿ ರೂಪುಗೊಂಡ ಗ್ವಾರ್ನೆರಿ ಎಂಬ ನಾಲ್ವರ ಮೇಳ 2009ರ ತನಕ ಜಗತ್ತನ್ನೇ ಸುತ್ತಿತು. ಸೊಸೆ ಬ್ಲಾಂಶ್ ಕೈಯ ತೊಂದರೆಯಿಂದ ಪಿಟೀಲು ಬಿಡಬೇಕಾಗಿ ಬಂದಾಗ ಮೂಲೆ ಹಿಡಿಯಲಿಲ್ಲ. ಬಾಖ್‌ನ ಗಾಯನಕೃತಿಗಳ ನಿರ್ದೇಶಕಿಯಾಗಿ, 1987ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಬಾರಿ ಕಚೇರಿ ನಡೆಸಿದರು. 2011ರಲ್ಲಿ ತೀರಿಕೊಂಡಾಗ ಅವರಿಗೆ 101.

ಅಲ್ಲೇನು ಎಲ್ಲವೂ ಸ್ವರ್ಗವಲ್ಲ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಎಂಬ ಜಗತ್ಪ್ರಸಿದ್ಧ ವಾದ್ಯವೃಂದ 1997ರ ತನಕ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲೇ ಇಲ್ಲ. ಅಮೆರಿಕದಲ್ಲಿ ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಎಂಬಾಕೆ ತನ್ನ ಹಣದಿಂದ 1918ರಲ್ಲಿ ಚೇಂಬರ್ ಸಂಗೀತದ ಉತ್ಸವವನ್ನೇ ಆರಂಭಿಸಿದಳು. ಮರುವರ್ಷ ಆಕೆ ಏರ್ಪಡಿಸಿದ ರಚನಾ ಸ್ಪರ್ಧೆಯಲ್ಲಿ, ಹೆಸರು ಮರೆಮಾಡಿದ ಎರಡು ಕೃತಿಗಳ ನಡುವೆ ತೀರ್ಪುಗಾರರು ಸಮಸಮವಾಗಿ ಒಡೆದುಹೋದರು. ಕೂಲಿಜ್ ತನ್ನ ಮತ ಹಾಕಿ ಅರ್ನೆಸ್ಟ್ ಬ್ಲಾಕ್‌ನನ್ನು ಗೆಲ್ಲಿಸಿದಳು. ಎರಡನೆಯ ಕೃತಿ ರೆಬೆಕಾ ಕ್ಲಾರ್ಕ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳದು, ಅವಳೂ ವಯೋಲಾದವಳೇ. ಹೆಂಗಸು ಇಷ್ಟು ಚೆನ್ನಾಗಿ ಬರೆಯಲು ಸಾಧ್ಯವೆ, ಇದು ಬ್ಲಾಕ್‌ನ ಗುಪ್ತನಾಮವೇ ಇರಬೇಕು ಎಂದು ಗುಸುಗುಸು ಎದ್ದಿತು. ಒಂದು ನೂರು ವರ್ಷದ ಮೇಲೂ ವಯೋಲಾ ಕಲಿಯುವವರು ಆಕೆಯ ಆ ಸೊನಾಟಾ ನುಡಿಸುತ್ತಿದ್ದಾರೆ.

ನಮ್ಮ ಸಂಗೀತದಲ್ಲಿ ಇಂಥ ಸಂವಾದವಿಲ್ಲವೆಂದು ನಾನು ಹೇಳುತ್ತಿಲ್ಲ. ಹಾಡುವವರ ಮನೋಧರ್ಮವನ್ನು ಪಿಟೀಲು ಆ ಕ್ಷಣದಲ್ಲೇ ಹಿಡಿದು ಉತ್ತರ ಕೊಡುವುದಕ್ಕಿಂತ ಸೂಕ್ಷ್ಮವಾದ ಆಲಿಸುವಿಕೆ ಯಾವುದಿದೆ? ಲಾಲ್ಗುಡಿ ಜಯರಾಮನ್, ಎನ್. ರಮಣಿ, ಆರ್. ವೆಂಕಟರಾಮನ್ 1966ರಲ್ಲಿ ಪಿಟೀಲು, ಕೊಳಲು, ವೀಣೆ ಕೂಡಿಸಿ ಸಮಸಮರಾಗಿ ನುಡಿಸಿದರು. ಆದರೆ ಹೆಂಗಸರ ಕಚೇರಿಗೆ ಮೃದಂಗ ನುಡಿಸಲು ಒಪ್ಪದ ವಿದ್ವಾಂಸರೂ ನಮ್ಮಲ್ಲೇ ಇದ್ದರು. ಬೆಂಗಳೂರಿನಲ್ಲಿ ನೆಲೆಸಿದ ಘಟಂ ವಿದುಷಿ ಸುಕನ್ಯಾ ರಾಮಗೋಪಾಲ್ ಅಂಥ ತಿರಸ್ಕಾರವನ್ನು ಉಂಡೇ 1995ರಲ್ಲಿ ಹೆಂಗಸರದೇ ಆದ 'ಸ್ತ್ರೀ ತಾಳ ತರಂಗ' ಕಟ್ಟಿದರು.

ನಮ್ಮ ಊರುಗಳ ಬೇಸಿಗೆ ಶಿಬಿರಗಳನ್ನು ನೋಡಿ. ಹತ್ತು ದಿನ ಶಿಬಿರ, ಕೊನೆಯ ದಿನ ಸಮಾರೋಪ. ಮೂವತ್ತು ಮಕ್ಕಳು ಮೈಕಿನ ಮುಂದೆ ಒಂದೇ ದೇವರನಾಮವನ್ನು ಒಂದೇ ದನಿಯಲ್ಲಿ ಒಪ್ಪಿಸುತ್ತವೆ, ಅತಿಥಿಗಳಿಗೆ ಹಾರ, ಮಕ್ಕಳಿಗೆ ಸರ್ಟಿಫಿಕೇಟು, ಅಪ್ಪಂದಿರಿಗೆ ಫೋಟೋ. ಪಕ್ಕದವಳ ದನಿ ಹೇಗಿತ್ತೆಂದು ಯಾವ ಮಗುವೂ ಕೇಳಿಸಿಕೊಂಡಿರುವುದಿಲ್ಲ.

ನಿಮ್ಮ ಬೀದಿಯಲ್ಲೇ ಪಿಟೀಲು ಕಲಿತವಳು ಒಬ್ಬಳು, ವೀಣೆಯವಳು ಒಬ್ಬಳು, ಮೃದಂಗಕ್ಕೆ ಹೋಗುವ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರುತ್ತಾರೆ. ಬರುವ ಏಪ್ರಿಲ್‌ನಲ್ಲಿ ಅವರಿಗೆ ಒಂದು ಕೋಣೆ ಬಿಟ್ಟುಕೊಡಿ. ಒಳಗೆ ಜಗಳ ಕೇಳಿಸಿದರೆ ಬಿಡಿಸಲು ಹೋಗಬೇಡಿ. ಕಾರ್ಯಕ್ರಮ ಯಾವಾಗ ಎಂದು ಕೇಳಲೇಬೇಡಿ. ಅಜ್ಜಿ ಇಣುಕಿದರೆ, ಕೂರಿಸಿ ಕೇಳಿಸಿ.